ಕೆಎ-15 ಕಾರಿಗೆ ವಿಮೆ ನಿಜಕ್ಕೂ ಅಗ್ಗವೆ? ಸಾಗರ, ಹೊಸನಗರ, ತೀರ್ಥಹಳ್ಳಿಗಳನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ಮಕ್ಕಳು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ತೋಟದ ಮನೆಯಲ್ಲಿ, ಕಾರು ಇಬ್ಬರ ನಡುವೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಎಷ್ಟೋ ಮನೆಗಳ ಇವತ್ತಿನ ಸ್ಥಿತಿ ಇದು. ಇಂಥ ಮನೆಗಳಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಕಾರನ್ನು ಊರಿನ ವಿಳಾಸಕ್ಕೆ, ಅಂದರೆ ಸಾಗರದ ಕೆಎ-15ಕ್ಕೋ ಶಿವಮೊಗ್ಗದ ಕೆಎ-14ಕ್ಕೋ ನೋಂದಾಯಿಸಿದರೆ ಇನ್ಶೂರೆನ್ಸ್ ಅಗ್ಗವಾಗುತ್ತದೆ, ಬೆಂಗಳೂರಿನ ನಂಬರಾದರೆ ದುಬಾರಿ ಎಂಬುದು ಆ ನಂಬಿಕೆ. ಇದರಲ್ಲಿ ಎಷ್ಟು ಹುರುಳಿದೆ ಎಂದು ದರಪಟ್ಟಿ, ಪಾಲಿಸಿಯ ಷರತ್ತು ಮತ್ತು ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಇಟ್ಟುಕೊಂಡು ನೋಡುವುದು ಈ ಟಿಪ್ಪಣಿಯ ಕೆಲಸ. ನೋಡಿದ ಮೇಲೆ ನನಗೆ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ: ನಂಬರ್ ಪ್ಲೇಟಿನಿಂದ ಉಳಿಯುವ ಹಣ ಬಹಳ ಸಣ್ಣದು. ದೊಡ್ಡ ಉಳಿತಾಯ ಬೇರೆ ಕಡೆ ಇದೆ. ನಮ್ಮ ಜನ ಉಳಿಸಲು ಹೋಗಿ ಕಡಿದುಹಾಕುವ ಭಾಗವೇ ಮಲೆನಾಡಿನ ರಸ್ತೆಗೆ ಅತ್ಯಗತ್ಯವಾದದ್ದು.

ಕಾರಿನ ಪ್ರೀಮಿಯಂ ಒಂದೇ ಮೊತ್ತವಾಗಿ ಕಂಡರೂ ಅದರಲ್ಲಿ ಎರಡು ಬೇರೆ ಬೇರೆ ವಿಮೆಗಳಿವೆ. ಒಂದು ಥರ್ಡ್ ಪಾರ್ಟಿ. ನಮ್ಮ ಕಾರಿನಿಂದ ಬೇರೆಯವರಿಗೆ ಸಾವು, ಗಾಯ, ನಷ್ಟ ಆದರೆ ಪರಿಹಾರ ಕೊಡುವುದು ಇದು. 1988ರ ಮೋಟಾರು ವಾಹನ ಕಾಯ್ದೆಯ 146ನೆಯ ಕಲಮಿನ ಪ್ರಕಾರ ಕಡ್ಡಾಯ. ಇದಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸಜೆ, ಮತ್ತೆ ಸಿಕ್ಕಿಬಿದ್ದರೆ ದಂಡ 4,000. ಇನ್ನೊಂದು ಓನ್ ಡ್ಯಾಮೇಜ್, ನಮ್ಮ ಕಾರಿಗೇ ಆಗುವ ಹಾನಿಯದು. ಎರಡನ್ನೂ ಸೇರಿಸಿ ಮಾಡಿಸಿದರೆ ಪ್ಯಾಕೇಜ್ ಪಾಲಿಸಿ. ಊರಿನ ಮಾತಿನಲ್ಲಿ ಫುಲ್ ಇನ್ಶೂರೆನ್ಸ್.

ಥರ್ಡ್ ಪಾರ್ಟಿಯ ದರವನ್ನು ಕಂಪನಿಗಳು ನಿರ್ಧರಿಸುವುದಿಲ್ಲ, ಕೇಂದ್ರ ಸರ್ಕಾರ ಪ್ರಕಟಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1,000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1,000ದಿಂದ 1,500 ಸಿಸಿಯದಕ್ಕೆ 3,416, ಅದಕ್ಕಿಂತ ದೊಡ್ಡ ಎಂಜಿನ್ನಿಗೆ 7,897. ಇದರ ಮೇಲೆ ಜಿಎಸ್‌ಟಿ. ಎಲೆಕ್ಟ್ರಿಕ್ ಕಾರಿಗೆ ಶೇಕಡಾ 15 ರಿಯಾಯಿತಿ ಇದೆ. ಈ ಪಟ್ಟಿಯಲ್ಲಿ ಊರಿನ ಪ್ರಸ್ತಾಪವೇ ಇಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ದಿನಾ ನಿಲ್ಲುವ ಕಾರಿಗೂ ನಿಟ್ಟೂರಿನ ಕೊಟ್ಟಿಗೆಯ ಪಕ್ಕದಲ್ಲಿ ವಾರಗಟ್ಟಲೆ ನಿಂತಿರುವ ಕಾರಿಗೂ ಒಂದೇ ದರ. ಆದ್ದರಿಂದ ಈ ಭಾಗದಲ್ಲಿ ಕಡಿಮೆಗೆ ಕೊಡಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ನಂಬಬೇಕಾಗಿಲ್ಲ.

ಊರಿನ ಪ್ರಶ್ನೆ ಬರುವುದು ಓನ್ ಡ್ಯಾಮೇಜಿನಲ್ಲಿ. 2002ರ ಇಂಡಿಯನ್ ಮೋಟಾರ್ ಟ್ಯಾರಿಫ್ ಖಾಸಗಿ ಕಾರುಗಳ ಮಟ್ಟಿಗೆ ದೇಶವನ್ನು ಎರಡು ವಲಯಗಳಾಗಿ ಹಂಚಿತು. ಅಹಮದಾಬಾದ್, ಬೆಂಗಳೂರು, ಚೆನ್ನೈ, ಹೈದರಾಬಾದ್, ಕೋಲ್ಕತ್ತ, ಮುಂಬೈ, ನವದೆಹಲಿ, ಪುಣೆ ಈ ಎಂಟು ನಗರಗಳು ‘ಎ’ ವಲಯ. ಉಳಿದ ಭಾರತವೆಲ್ಲ ‘ಬಿ’ ವಲಯ. ವಲಯ ತೀರ್ಮಾನವಾಗುವುದು ಕಾರು ಎಲ್ಲಿ ಓಡುತ್ತದೆ ಎಂಬುದರಿಂದಲ್ಲ, ಯಾವ ಕಚೇರಿಯಲ್ಲಿ ನೋಂದಣಿಯಾಗಿದೆ ಎಂಬುದರಿಂದ. ಊರಿನ ನಂಬಿಕೆಗೆ ಬೇರು ಇಲ್ಲಿದೆ, ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೆ ಅಂಕಿಗಳನ್ನು ನೋಡಿ. ಐದು ವರ್ಷ ತುಂಬದ, 1,000ದಿಂದ 1,500 ಸಿಸಿಯ ಕಾರಿಗೆ ಮೂಲ ದರ ಎ ವಲಯದಲ್ಲಿ ಐಡಿವಿಯ ಶೇಕಡಾ 3.283, ಬಿ ವಲಯದಲ್ಲಿ 3.191. ಐಡಿವಿ ಅಂದರೆ ಕಾರು ಪೂರ್ತಿ ನಾಶವಾದರೆ ಅಥವಾ ಕಳುವಾದರೆ ಕಂಪನಿ ಕೊಡಲು ಒಪ್ಪಿದ ಬೆಲೆ. ಅದು 5 ಲಕ್ಷ ಎಂದಿಟ್ಟುಕೊಂಡರೆ ಬೆಂಗಳೂರಿನಲ್ಲಿ 16,415 ರೂಪಾಯಿ, ಸಾಗರದಲ್ಲಿ 15,955. ವ್ಯತ್ಯಾಸ 460. ಇದರ ಮೇಲೆ ಕಂಪನಿ ಅರ್ಧಕ್ಕೆ ಅರ್ಧ ರಿಯಾಯಿತಿ ಕೊಟ್ಟು, ಮಾಲೀಕರಿಗೆ ಶೇಕಡಾ 35 ನೋ ಕ್ಲೇಮ್ ಬೋನಸ್ಸೂ ಇದ್ದರೆ ಆ 460 ರೂಪಾಯಿ 150ಕ್ಕೆ ಇಳಿಯುತ್ತದೆ. ಶೇಕಡಾ 18 ಜಿಎಸ್‌ಟಿ ಸೇರಿಸಿದರೂ 176.

2007ರ ಜನವರಿ 1ರಿಂದ ಓನ್ ಡ್ಯಾಮೇಜಿನ ದರ ನಿಯಂತ್ರಣ ತೆಗೆದುಹಾಕಲಾಯಿತು. ಅಲ್ಲಿಂದೀಚೆಗೆ ಕಂಪನಿಗಳು ಹಳೆಯ ಪಟ್ಟಿಯನ್ನು ತಳಪಾಯವಾಗಿಟ್ಟುಕೊಂಡು ತಮ್ಮ ತಮ್ಮ ಅನುಭವದಂತೆ ರಿಯಾಯಿತಿ ಕೊಡುತ್ತವೆ. ಮಾಡೆಲ್ ಯಾವುದು, ಪೆಟ್ರೋಲೋ ಡೀಸೆಲ್ಲೋ, ಯಾವ ಆರ್‌ಟಿಒ, ಎಷ್ಟು ವರ್ಷದ ಕಾರು, ಹಿಂದೆ ಕ್ಲೇಮು ಆಗಿದೆಯೇ ಎಂಬುದೆಲ್ಲ ಆ ಲೆಕ್ಕದಲ್ಲಿ ಸೇರುತ್ತದೆ. ಒಂದೇ ಕಾರಿಗೆ ಎರಡು ಕಂಪನಿಗಳು ಹೇಳುವ ಮೊತ್ತದ ನಡುವಿನ ಅಂತರ ಎರಡು ವಲಯಗಳ ನಡುವಿನ ಅಂತರಕ್ಕಿಂತ ಬಹಳ ದೊಡ್ಡದಾಗಿರಬಹುದು. ಹಾಗಾಗಿ ಬೆಂಗಳೂರಿನಲ್ಲೇ ಇರುವ ಕಾರನ್ನು ವಿಮೆಗೋಸ್ಕರ ಊರಿನ ವಿಳಾಸಕ್ಕೆ ನೋಂದಾಯಿಸುವ ಶ್ರಮ ದಂಡ. ಇದರ ಇನ್ನೊಂದು ಮುಖವೂ ಉಂಟು. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಕಾರು ತಂದವರು ಕೆಎ-05, ಕೆಎ-03 ನಂಬರಿಗೆ ಹೆದರಬೇಕಾಗಿಲ್ಲ. ರಾಜ್ಯದೊಳಗೆ ನಂಬರ್ ಬದಲಾಗುವುದಿಲ್ಲ. ಪ್ರೀಮಿಯಮ್ಮಿನಲ್ಲಿ ಅದರ ಭಾರ ಹೆಚ್ಚೆಂದರೆ ಕೆಲವು ನೂರು ರೂಪಾಯಿ.

ಹಾಗಾದರೆ ದುಡ್ಡು ಉಳಿಯುವುದು ಎಲ್ಲಿ? ಮೊದಲನೆಯದಾಗಿ, ಶೋರೂಮಿನಲ್ಲಿ. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಂತೆ ಅದೇ ವರ್ಷದ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಮಾಡಿಸಬೇಕು. 1,000ದಿಂದ 1,500 ಸಿಸಿಯ ಕಾರಿಗೆ ಇದು 10,640 ರೂಪಾಯಿ. ಈ ಮೂರು ವರ್ಷವೂ ಅದೇ ಕಂಪನಿಗೆ ಕಟ್ಟುಬಿದ್ದಿದ್ದೇವೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಹಾಗೇನಿಲ್ಲ. 2019ರ ಸೆಪ್ಟೆಂಬರಿನಿಂದ ಓನ್ ಡ್ಯಾಮೇಜ್ ಒಂದನ್ನೇ ಪ್ರತ್ಯೇಕ ಪಾಲಿಸಿಯಾಗಿ ಮಾಡಿಸಲು ವಿಮಾ ಪ್ರಾಧಿಕಾರ ಐಆರ್‌ಡಿಎಐ ಅವಕಾಶ ಕೊಟ್ಟಿದೆ. ಥರ್ಡ್ ಪಾರ್ಟಿ ಒಂದು ಕಂಪನಿಯಲ್ಲಿ ಹಾಗೇ ಇರಲಿ, ಎರಡನೆಯ ವರ್ಷದಿಂದ ಓನ್ ಡ್ಯಾಮೇಜನ್ನು ಬೇರೆ ಕಡೆ ಕಡಿಮೆ ದರಕ್ಕೆ ಮಾಡಿಸಬಹುದು. ಶಿವಮೊಗ್ಗದ ಶೋರೂಮಿನಿಂದ ಫೋನ್ ಬಂತು, ಹೇಳಿದಷ್ಟು ಕಟ್ಟಿದೆವು ಎನ್ನುವ ಅಭ್ಯಾಸದಿಂದ ಹೋಗುವ ಹಣ ಆ ವಲಯದ 460 ರೂಪಾಯಿಗಿಂತ ಎಷ್ಟೋ ಪಾಲು ಹೆಚ್ಚು.

ಎರಡನೆಯದು ನೋ ಕ್ಲೇಮ್ ಬೋನಸ್, ಎನ್‌ಸಿಬಿ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕು. ನಮ್ಮಲ್ಲಿ ಬಹಳ ಜನ ಕಳೆದುಕೊಳ್ಳುವುದು ಇಲ್ಲೇ.

ಕ್ಲೇಮು ಮಾಡದೆ ಒಂದು ವರ್ಷ ಕಳೆದರೆ ಮುಂದಿನ ಓನ್ ಡ್ಯಾಮೇಜ್ ಪ್ರೀಮಿಯಮ್ಮಿನಲ್ಲಿ ಶೇಕಡಾ 20 ಬಿಡುತ್ತಾರೆ. ಎರಡನೆಯ ವರ್ಷಕ್ಕೆ 25, ಆಮೇಲೆ 35, 45, ಕೊನೆಗೆ 50. ನಡುವೆ ಒಂದೇ ಒಂದು ಕ್ಲೇಮು ಮಾಡಿದರೆ ಬೋನಸ್ಸು ಸೊನ್ನೆಗೆ ಇಳಿದು ಮತ್ತೆ ಕೆಳಗಿನಿಂದ ಹತ್ತಬೇಕು. ಈಗ ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗಾಗಿ ಹಿಡಿದವು, ನಿಯಮಗಳು ಮಾತ್ರ ಪಾಲಿಸಿಯವೇ. ಸಾಗರದ ಗಣಪತಿ ಕೆರೆಯ ಹತ್ತಿರ ಹಿಂದೆ ತೆಗೆಯುವಾಗ ಕಂಬಕ್ಕೆ ತಾಗಿ ಹಿಂದಿನ ಬಂಪರ್ ಒಡೆಯಿತು. ಬಿಲ್ಲು 9,000: ಬಂಪರಿಗೆ 5,000, ಪೇಂಟಿಂಗಿಗೆ 3,000, ಕೂಲಿ 1,000. ಬಂಪರ್ ಪ್ಲಾಸ್ಟಿಕ್ಕಿನದು. ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೆ ಶೇಕಡಾ 50 ಸವಕಳಿ ಹಿಡಿಯುತ್ತಾರೆ, ಆದ್ದರಿಂದ ಸಿಗುವುದು 2,500. ಪೇಂಟಿಂಗಿನ ಒಟ್ಟು ಬಿಲ್ಲಿನಲ್ಲಿ ಕಾಲುಭಾಗವನ್ನು ಸಾಮಗ್ರಿ ಎಂದು ಪರಿಗಣಿಸಿ ಅದರ ಅರ್ಧ ಕಳೆಯುತ್ತಾರೆ. 375 ಹೋಗಿ 2,625 ಉಳಿಯಿತು. ಕೂಲಿ ಪೂರ್ತಿ ಕೊಡುತ್ತಾರೆ. ಒಟ್ಟು 6,125. ಅದರಲ್ಲಿ 1,500 ಸಿಸಿವರೆಗಿನ ಕಾರಿನ ಮಾಲೀಕ ಪ್ರತಿ ಕ್ಲೇಮಿಗೂ ಕೈಯಿಂದ ಹಾಕಲೇಬೇಕಾದ 1,000 ಕಳೆದರೆ ಕಂಪನಿಯಿಂದ ಬರುವುದು 5,125.

ಕಳೆದುಕೊಂಡದ್ದು ಎಷ್ಟು? ಈ ಮಾಲೀಕರು ಶೇಕಡಾ 50ರ ಮೆಟ್ಟಿಲಿನಲ್ಲಿದ್ದರು, ಬೋನಸ್ ಕಳೆಯುವ ಮೊದಲಿನ ಪ್ರೀಮಿಯಂ 8,000 ಎನ್ನೋಣ. ಮುಂದಿನ ಐದು ವರ್ಷ ಅವರಿಗೆ 50ರ ಬದಲು 0, 20, 25, 35, 45 ಸಿಗುತ್ತದೆ. ಕೊರತೆಗಳನ್ನು ಕೂಡಿದರೆ 125. ಎಂಟು ಸಾವಿರದ ಶೇಕಡಾ 125 ಅಂದರೆ 10,000, ಜಿಎಸ್‌ಟಿ ಸೇರಿ 11,800. ವರ್ಷ ವರ್ಷ ಐಡಿವಿ ಇಳಿಯುವುದರಿಂದ ನಿಜವಾದ ನಷ್ಟ ಇದಕ್ಕಿಂತ ಸ್ವಲ್ಪ ಕಡಿಮೆ ಇರಬಹುದು. ಆದರೂ 5,125ಕ್ಕಾಗಿ ಅದರ ದುಪ್ಪಟ್ಟಿಗೆ ಹತ್ತಿರದ ಹಣ ಬಿಟ್ಟುಕೊಟ್ಟಂತಾಯಿತು. ಸಣ್ಣ ಏಟುಗಳನ್ನು ಕೈಯಿಂದ ಸರಿಮಾಡಿಸಿ, ಕ್ಲೇಮನ್ನು ದೊಡ್ಡ ನಷ್ಟಕ್ಕೆ ಕಾದಿರಿಸುವುದೇ ಲೇಸು ಎಂಬುದು ಈ ಲೆಕ್ಕದಿಂದ ನಾನು ತಲುಪುವ ತೀರ್ಮಾನ.

ಬೋನಸ್ಸು ಕಾರಿನದಲ್ಲ, ಮಾಲೀಕರದು. ಹಳೆಯ ಕಾರು ಮಾರಿದರೆ ಕಂಪನಿಯಿಂದ ಎನ್‌ಸಿಬಿ ಪತ್ರ ಪಡೆದು ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಿಕೊಳ್ಳಬಹುದು. ಕೊಂಡುಕೊಂಡವರಿಗೆ ಅದು ದಾಟುವುದಿಲ್ಲ. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಇಡೀ ಬೋನಸ್ಸು ಹೋಗುತ್ತದೆ. ಮನೆಯ ಹಿರಿಯರು ತೀರಿಕೊಂಡು ಕಾರು ಹೆಂಡತಿಗೋ ಮಕ್ಕಳಿಗೋ ಬಂದಾಗ ಅವರ ಬೋನಸ್ಸೂ ಜೊತೆಗೆ ಬರುತ್ತದೆ ಎಂಬುದು ಮೋಟಾರ್ ಟ್ಯಾರಿಫಿನಲ್ಲಿಯೇ ಇರುವ ಮಾತು. ಕೇಳಿ ಪಡೆದವರು ಬಹಳ ವಿರಳ. ಹಾಗೆ ಮಾಲೀಕರು ತೀರಿಕೊಂಡ ಮೇಲೆ ಹಳೆಯ ಪಾಲಿಸಿ ಮೂರು ತಿಂಗಳು ಅಥವಾ ಅದರ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯತನಕ, ವಾರಸುದಾರರಿಗೆ ನಡೆಯುತ್ತದೆ. ದುಃಖದ ನಡುವೆ ಈ ಗಡುವು ಕಣ್ತಪ್ಪಿ ಹೋಗುವುದು ಸಹಜ. ಮನೆಯಲ್ಲಿ ಯಾರಾದರೊಬ್ಬರು ಇದನ್ನು ನೆನಪಿಟ್ಟುಕೊಂಡಿರಬೇಕು.

ಮೂರನೆಯದು ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ. 15 ಲಕ್ಷದ ಈ ರಕ್ಷಣೆ 2018ರಿಂದ ಕಡ್ಡಾಯ. ಆದರೆ ಅದು ಒಬ್ಬ ವ್ಯಕ್ತಿಗೆ ಒಂದೇ ಸಾಕು. ಮನೆಯಲ್ಲಿ ಒಂದೇ ಹೆಸರಿನಲ್ಲಿ ಕಾರು, ಸ್ಕೂಟರ್, ಜೀಪು ಇದ್ದರೆ ಮೂರಕ್ಕೂ ಕಟ್ಟಬೇಕಾಗಿಲ್ಲ. 15 ಲಕ್ಷಕ್ಕೆ ಕಡಿಮೆಯಿಲ್ಲದ ಬೇರೆ ಅಪಘಾತ ವಿಮೆ ಇದ್ದರಂತೂ ಪಾಲಿಸಿಯೊಳಗಿನದು ಬೇಡ ಎನ್ನಬಹುದು.

ಇನ್ನು ಉಳಿಸಲು ಹೋಗಿ ಕಡಿಯುವ ಭಾಗಕ್ಕೆ ಬರುತ್ತೇನೆ. ಈ ಮೂರು ತಾಲ್ಲೂಕುಗಳಲ್ಲಿ ಹಳೆಯ ಜೀಪು, ಓಮ್ನಿ, ಬೊಲೆರೊ ಇರುವವರು ಐದಾರು ವರ್ಷ ಕಳೆದ ಕೂಡಲೇ ಫುಲ್ ಇನ್ಶೂರೆನ್ಸ್ ಬಿಟ್ಟು ಬರೀ ಥರ್ಡ್ ಪಾರ್ಟಿ ಮಾಡಿಸುತ್ತಾರೆ. ಕಾರಣ ಅರ್ಥವಾಗುವಂಥದ್ದೇ. ಬೆಲೆ ಇಳಿದ ಗಾಡಿಗೆ ಅಷ್ಟೊಂದು ಯಾಕೆ ಕಟ್ಟಬೇಕು? ಆದರೆ ಇದರಿಂದ ಕೈಬಿಡುವುದು ಗಾಡಿಯ ತಗಡೊಂದೇ ಅಲ್ಲ, ಒಳಗೆ ಕೂತವರೂ ಕೈಬಿಡುತ್ತಾರೆ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಖಾಸಗಿ ವಾಹನದಲ್ಲಿ ಪುಕ್ಕಟೆಯಾಗಿ ಪ್ರಯಾಣಿಸುವವರ ಹೊಣೆ ಕಂಪನಿಯದಲ್ಲ ಎಂಬುದು 2006ರ ಯುನೈಟೆಡ್ ಇಂಡಿಯಾ ವಿರುದ್ಧ ತಿಲಕ್ ಸಿಂಗ್ ಪ್ರಕರಣದಿಂದ ಗಟ್ಟಿಯಾದ ನಿಲುವು. ಪ್ಯಾಕೇಜ್ ಪಾಲಿಸಿಯಾದರೆ ಕಾರಿನಲ್ಲಿ ಕೂತವರೂ ಅದರ ರಕ್ಷಣೆಯಲ್ಲಿ ಬರುತ್ತಾರೆ. ವಿಮಾ ಪ್ರಾಧಿಕಾರ 2009ರಲ್ಲಿ ಇದನ್ನು ಸ್ಪಷ್ಟಪಡಿಸಿತು; 2012ರ ನವೆಂಬರಿನಲ್ಲಿ ನ್ಯಾಷನಲ್ ಇನ್ಶೂರೆನ್ಸ್ ವಿರುದ್ಧ ಬಾಲಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಈ ಎರಡು ಪಾಲಿಸಿಗಳ ವ್ಯತ್ಯಾಸವನ್ನು ಎತ್ತಿಹಿಡಿಯಿತು.

ಮಲೆನಾಡಿನಲ್ಲಿ ಇದರ ಅರ್ಥ ಏನೆಂದು ಯೋಚಿಸಬೇಕು. ಬಸ್ಸು ದಿನಕ್ಕೆ ಎರಡೋ ಮೂರೋ ಬರುವ ಊರುಗಳಲ್ಲಿ ಜೀಪು ಒಬ್ಬರ ಮನೆಯದಾದರೂ ಕೂರುವವರು ಹತ್ತು ಮನೆಯವರು. ಪೇಟೆಗೆ ಹೋಗುವಾಗ ಪಕ್ಕದ ಮನೆಯ ಅಜ್ಜಿಯನ್ನು ಆಸ್ಪತ್ರೆಗೆ ಬಿಡುತ್ತಾರೆ, ಶಾಲೆಯ ಮಕ್ಕಳನ್ನು ಹತ್ತಿಸಿಕೊಳ್ಳುತ್ತಾರೆ, ಮದುವೆಗೆ ನೆಂಟರನ್ನು ಕೂರಿಸಿಕೊಂಡು ಹೋಗುತ್ತಾರೆ. ಬೆಂಗಳೂರಿನಲ್ಲಿ ಒಬ್ಬರೇ ಕಚೇರಿಗೆ ಹೋಗಿ ಬರುವವರ ಕಾರಿಗಿಂತ ಇಂಥ ಜೀಪಿಗೆ ಪ್ಯಾಕೇಜ್ ಪಾಲಿಸಿಯ ಅಗತ್ಯ ಹೆಚ್ಚು. ಗಾಡಿ ಹಳೆಯದಾದಂತೆ ಐಡಿವಿ ಇಳಿದು ಓನ್ ಡ್ಯಾಮೇಜಿನ ಮೊತ್ತವೂ ಇಳಿದಿರುತ್ತದೆ. ಆ ಇಳಿದ ಮೊತ್ತವನ್ನು ಕಟ್ಟಿ ನೆರೆಹೊರೆಯವರ ಜೀವಕ್ಕೆ ರಕ್ಷಣೆ ಕೊಡುವುದು ಮಾಲೀಕರು ಮಾಡಬೇಕಾದ ಕೆಲಸ ಎಂದೇ ನಾನು ನಂಬುತ್ತೇನೆ. ಘಾಟಿ ಇಳಿಯಲು ಸಂಬಳದ ಡ್ರೈವರನ್ನು ಕರೆಯುವ ಮನೆಗಳು ಅವರ ಹೊಣೆಗಾಗಿ ಇರುವ ಇನ್ನೊಂದು ಸಾಲನ್ನೂ ಬಿಡಬಾರದು. ಅದಕ್ಕೆ ತಗಲುವ ಹಣ ಬಹಳ ಸಣ್ಣದು.

ಗಾಡಿ ಕೇಳಿ ಪಡೆದು ಓಡಿಸುವ ಪದ್ಧತಿಯೂ ನಮ್ಮಲ್ಲಿ ಹೆಚ್ಚು. 2009ರಲ್ಲಿ ಸುಪ್ರೀಂ ಕೋರ್ಟು ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ, ಇಳಕಲ್ಲಿನಿಂದ ಗುಡೂರಿನ ಕಡೆ ಹೊರಟ ಬೈಕ್ ಸವಾರರೊಬ್ಬರು ಎತ್ತಿನ ಗಾಡಿಗೆ ಡಿಕ್ಕಿಯಾಗಿ ತೀರಿಕೊಂಡ ಸಂದರ್ಭದಲ್ಲಿ, ವಾಹನವನ್ನು ಎರವಲು ಪಡೆದು ಓಡಿಸುವವರು ಮಾಲೀಕರ ಜಾಗದಲ್ಲೇ ನಿಲ್ಲುತ್ತಾರೆ ಎಂದಿತು. ತನ್ನದೇ ಪಾಲಿಸಿಯಡಿ ಮಾಲೀಕ ಮೂರನೆಯವನಾಗಿ ಪರಿಹಾರ ಕೇಳಲಾಗದ ಹಾಗೆ ಅವರೂ ಕೇಳಲಾಗದು. ಮಾಲೀಕ-ಚಾಲಕರ 15 ಲಕ್ಷದ ವಿಮೆ ನೋಂದಾಯಿತ ಮಾಲೀಕರಿಗೆ ಮಾತ್ರ. ಅಪ್ಪನ ಹೆಸರಿನ ಕಾರನ್ನು ಮಗಳು ಓಡಿಸುತ್ತಿದ್ದರೆ ಆಕೆಗೆ ಬೇರೆಯದೇ ಅಪಘಾತ ವಿಮೆ ಬೇಕು. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಗೆ ಸಿಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ 2 ಲಕ್ಷ ಅದಕ್ಕೆ ಸಾಲದು. ಏನೂ ಇಲ್ಲದವರಿಗೆ ಅದಾದರೂ ಇರಲಿ.

ಈಗ ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಹೊಸನಗರ ತಾಲ್ಲೂಕಿನ ಹುಲಿಕಲ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆಯ ಜಾಗಗಳು. ಆಗುಂಬೆಯ ವಾರ್ಷಿಕ ಸರಾಸರಿ 7,000 ಮಿಲಿಮೀಟರಿಗೂ ಮೇಲೆ. ಬೆಂಗಳೂರಿನದು ಸಾವಿರದ ಆಸುಪಾಸು. ಇದನ್ನು ನೋಡಿ ಏಜೆಂಟರು ಇಲ್ಲಿನ ಕಾರಿಗೆ ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರನ್ನು ಒತ್ತಾಯ ಮಾಡಿ ಸೇರಿಸುವುದುಂಟು. ಮೂಲ ಪಾಲಿಸಿ ಪ್ರವಾಹ, ಬಿರುಗಾಳಿ, ಸಿಡಿಲು, ಭೂಕುಸಿತಗಳಿಂದ ಆಗುವ ಹಾನಿಯನ್ನು ಒಳಗೊಂಡಿದ್ದರೂ ನೀರಿನಲ್ಲಿ ನಿಂತ ಎಂಜಿನ್ನನ್ನು ಸ್ಟಾರ್ಟ್ ಮಾಡಲು ಹೋಗಿ ಅದು ಹಿಡಿದುಕೊಂಡರೆ ಕಂಪನಿಗಳು ಅದನ್ನು ಪರಿಣಾಮಜನ್ಯ ನಷ್ಟವೆಂದು ತಳ್ಳಿಹಾಕುತ್ತವೆ. ಈ ಕವರ್ ಹುಟ್ಟಿದ್ದು ಅದಕ್ಕಾಗಿ. ಆದರೆ ಗುಡ್ಡದ ಊರಿನಲ್ಲಿ ನೀರು ನಿಲ್ಲುವುದಿಲ್ಲ, ಇಳಿದು ಹೋಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಕಾರುಗಳು ಮುಳುಗಿದ್ದು ಆಗುಂಬೆಯಲ್ಲಲ್ಲ, ಬೆಂಗಳೂರಿನ ಯಮಲೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ನೀರು ತುಂಬಿ ಕಾರಿನಲ್ಲಿದ್ದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಆದ್ದರಿಂದ ಎಂಜಿನ್ ಕವರ್ ಬೇಕಿರುವುದು ಮುಖ್ಯವಾಗಿ ಬೆಂಗಳೂರಿನ ನೆಲಮಾಳಿಗೆಯಲ್ಲಿ ನಿಲ್ಲುವ ಕಾರಿಗೆ. ಊರಿನಲ್ಲಿ ತುಂಗೆಯ ಅಂಚಿನಲ್ಲಿರುವವರಿಗೂ ಮಳೆಗಾಲದಲ್ಲಿ ಹಳ್ಳ ದಾಟಲೇಬೇಕಾದವರಿಗೂ ಅದು ತಕ್ಕದ್ದು. ಉಳಿದವರು ಆ ಹಣ ಉಳಿಸಬಹುದು.

ಊರಿನ ಕಾರಿಗೆ ನಿಜವಾಗಿ ಬರುವ ಅಪಾಯಗಳು ಬೇರೆ. ಗಾಳಿಮಳೆಗೆ ಮರ ಬೀಳುತ್ತದೆ, ಧರೆ ಕುಸಿಯುತ್ತದೆ, ರಾತ್ರಿ ತಿರುವಿನಲ್ಲಿ ಕಾಟಿಯೋ ಕಡವೆಯೋ ಅಡ್ಡ ಬರುತ್ತದೆ. ಇವೆಲ್ಲಕ್ಕೂ ಓನ್ ಡ್ಯಾಮೇಜ್ ಭಾಗ ಪರಿಹಾರ ಕೊಡುತ್ತದೆ, ಬರೀ ಥರ್ಡ್ ಪಾರ್ಟಿ ಒಂದು ಪೈಸೆಯನ್ನೂ ಕೊಡುವುದಿಲ್ಲ. ಮರಕ್ಕಾಗಲಿ ಕಾಟಿಗಾಗಲಿ ವಿಮೆ ಇರುವುದಿಲ್ಲವಲ್ಲ. ಎದುರಿನವರಿಂದ ವಸೂಲು ಮಾಡೋಣ ಎಂಬ ದಾರಿಯೇ ಇಲ್ಲ. ಶರಾವತಿ ಹಿನ್ನೀರಿನವರಿಗೆ ಸಂಬಂಧಿಸಿದ ಒಂದು ಮಾತೂ ಪಾಲಿಸಿಯಲ್ಲಿದೆ: ವಾಹನವನ್ನು ರಸ್ತೆ, ರೈಲು, ಒಳನಾಡಿನ ಜಲಮಾರ್ಗದಲ್ಲಿ ಸಾಗಿಸುವಾಗ ಆಗುವ ಹಾನಿಯೂ ಅದರ ವ್ಯಾಪ್ತಿಯಲ್ಲಿ ಬರುತ್ತದೆ. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾರು ಹತ್ತಿಸಿ ಸಿಗಂದೂರಿಗೆ ದಾಟುತ್ತಿದ್ದ ವರ್ಷಗಳಲ್ಲಿ ಪ್ಯಾಕೇಜ್ ಪಾಲಿಸಿ ಇದ್ದವರಿಗೆ ನೀರಿನ ಮೇಲೂ ಈ ರಕ್ಷಣೆ ಇತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಅಲ್ಲಿ ಆ ಪ್ರಶ್ನೆ ಉಳಿದಿಲ್ಲ.

ಇಲ್ಲಿ ಹಣ ಕೊಟ್ಟು ಸೇರಿಸಿಕೊಳ್ಳಲು ಯೋಗ್ಯವಾದ ಕವರ್ ಯಾವುದೆಂದು ಕೇಳಿದರೆ ನಾನು ಮೊದಲು ಹೇಳುವುದು ಕಾರನ್ನು ಎಳೆಸಿ ತರುವ ವ್ಯವಸ್ಥೆ. ಕ್ಯಾಶ್‌ಲೆಸ್ ರಿಪೇರಿ ಮಾಡುವ ದೊಡ್ಡ ಗ್ಯಾರೇಜುಗಳು ಹೆಚ್ಚಾಗಿ ಶಿವಮೊಗ್ಗದಲ್ಲಿವೆ. ಸಾಗರದಿಂದ ಅಲ್ಲಿಗೆ 70 ಕಿಲೋಮೀಟರಿನಷ್ಟು, ಆಗುಂಬೆಯಿಂದ ಇನ್ನೂ ದೂರ. ಅಪಘಾತವಾದ ಖಾಸಗಿ ಕಾರನ್ನು ಹತ್ತಿರದ ಗ್ಯಾರೇಜಿಗೆ ಸಾಗಿಸಲು ಸಾಮಾನ್ಯ ಪಾಲಿಸಿ ಕೊಡುವುದು ಗರಿಷ್ಠ 1,500 ರೂಪಾಯಿ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲೊಂದರಲ್ಲಿ ಸಿಕ್ಕಿಕೊಂಡ ಕಾರನ್ನು ಮೇಲೆತ್ತಿ ಶಿವಮೊಗ್ಗ ಮುಟ್ಟಿಸಲು ಆ ಮೊತ್ತ ಎಲ್ಲಿ ಸಾಕು? ರೋಡ್‌ಸೈಡ್ ಅಸಿಸ್ಟೆನ್ಸ್ ಕವರಿನಲ್ಲಿ ಎಷ್ಟು ಕಿಲೋಮೀಟರಿನವರೆಗೆ ಪುಕ್ಕಟೆ ಎಳೆಯುತ್ತಾರೆ ಎಂದು ಕೇಳಿಯೇ ತೆಗೆದುಕೊಳ್ಳಬೇಕು. 25 ಕಿಲೋಮೀಟರಿನ ಮಿತಿ ಬೆಂಗಳೂರಿಗೆ ಸರಿ, ಹೊಸನಗರಕ್ಕೆ ಸಾಲದು. ‘ಬಂಪರ್ ಟು ಬಂಪರ್’ ಎಂದು ಕರೆಯುವ ಸವಕಳಿರಹಿತ ಕವರು ಮೊದಲ ಮೂರ್ನಾಲ್ಕು ವರ್ಷದ ಕಾರಿಗೆ ಒಳ್ಳೆಯದು. ಶೆಡ್ಡಿನಲ್ಲಿ ನಿಲ್ಲಿಸಿದ ಕಾರಿನ ವೈರನ್ನು ಇಲಿ ಕಡಿದರೆ ಕೊಡುತ್ತಾರೋ ಇಲ್ಲವೋ ಎಂಬುದನ್ನು ಪಾಲಿಸಿ ಕೊಳ್ಳುವ ಮುಂಚೆ ಬರಹದಲ್ಲಿ ಕೇಳಿಕೊಳ್ಳಿ.

ಅಪ್ಪ ಅಮ್ಮ ತಿಂಗಳಿಗೆ ನಾಲ್ಕು ಸಲ ಪೇಟೆಗೆ ಹೋಗಿ ಬರುವ ಕಾರಿಗೆ ಇನ್ನೊಂದು ದಾರಿ ಇದೆ. 2022ರ ಜುಲೈನಲ್ಲಿ ಐಆರ್‌ಡಿಎಐ ಓಡಿದ ಕಿಲೋಮೀಟರಿನ ಮೇಲೆ ಓನ್ ಡ್ಯಾಮೇಜ್ ಪ್ರೀಮಿಯಂ ನಿಗದಿ ಮಾಡುವ ‘ಪೇ ಆ್ಯಸ್ ಯೂ ಡ್ರೈವ್’ ಕವರಿಗೂ, ಒಬ್ಬರದೇ ಹಲವು ವಾಹನಗಳಿಗೆ ಒಂದೇ ಪಾಲಿಸಿ ಮಾಡಿಸುವುದಕ್ಕೂ ಅನುಮತಿ ಕೊಟ್ಟಿತು. ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರು ಓಡುವ ಕಾರಿಗೆ ಇದರಿಂದ ಆಗುವ ಉಳಿತಾಯ ಕೆಎ-15 ನಂಬರಿನಿಂದ ಆಗುವುದಕ್ಕಿಂತ ಹೆಚ್ಚಿರುತ್ತದೆ.

ಐಡಿವಿ ತಗ್ಗಿಸಿ ಪ್ರೀಮಿಯಂ ಕಡಿಮೆ ತೋರಿಸುವುದು ಮಾತ್ರ ನನಗೆ ಸರಿಕಾಣದ ಉಪಾಯ. ಮೇಲಿನ ಲೆಕ್ಕದ ಕಾರಿಗೇ 5 ಲಕ್ಷದ ಬದಲು ನಾಲ್ಕೂವರೆ ಲಕ್ಷ ಬರೆಸಿದರೆ ಎಲ್ಲ ರಿಯಾಯಿತಿ ಕಳೆದು, ತೆರಿಗೆ ಸೇರಿ ಉಳಿಯುವುದು 600 ರೂಪಾಯಿಯ ಹತ್ತಿರ. ಕಾರು ಕಳುವಾದರೆ ಅಥವಾ ರಿಪೇರಿಯ ಖರ್ಚು ಐಡಿವಿಯ ಶೇಕಡಾ 75 ದಾಟಿ ಪೂರ್ಣ ನಷ್ಟವೆಂದು ಘೋಷಣೆಯಾದರೆ ಕಳೆದುಕೊಳ್ಳುವುದು 50,000.

ಬಳಕೆಯ ಷರತ್ತಿನ ಬಗ್ಗೆಯೂ ಎಚ್ಚರ ಬೇಕು. ಖಾಸಗಿ ಕಾರಿನ ಪಾಲಿಸಿ ಬಾಡಿಗೆ ಓಡಿಸಲು ಅಲ್ಲ, ಸ್ವಂತ ಲಗೇಜು ಮತ್ತು ಸ್ಯಾಂಪಲ್ ಬಿಟ್ಟು ಸರಕು ಸಾಗಿಸಲೂ ಅಲ್ಲ ಎಂದು ಅದರಲ್ಲೇ ಬರೆದಿರುತ್ತದೆ. ಜೋಗ, ಸಿಗಂದೂರಿನ ಪ್ರವಾಸಿಗಳನ್ನು ಬಿಳಿ ಬೋರ್ಡಿನ ಕಾರಿನಲ್ಲಿ ಬಾಡಿಗೆಗೆ ಕರೆದೊಯ್ಯುವುದೂ ಸೀಟು ಮಡಚಿ ಅಡಿಕೆ ಮೂಟೆಗಳನ್ನು ಮಂಡಿಗೆ ಒಯ್ಯುವುದೂ ಈ ಷರತ್ತಿಗೆ ವಿರುದ್ಧ. ಬಾಡಿಗೆಗೆ ಓಡಿದ ಖಾಸಗಿ ವಾಹನದ ಕ್ಲೇಮನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಭಾಗಶಃ ಕೊಡಬೇಕು ಎಂದು 2010ರ ಅಮಲೇಂದು ಸಾಹೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗೆ ಸಿಗುವುದೂ ಹೋರಾಡಿದ ಮೇಲೆಯೇ. ಸೆಕೆಂಡ್ ಹ್ಯಾಂಡ್ ಕೊಂಡವರಂತೂ 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು. ಥರ್ಡ್ ಪಾರ್ಟಿ ಕಾನೂನಿನ ಬಲದಿಂದ ತಾನಾಗಿ ವರ್ಗವಾಗುತ್ತದೆ, ಓನ್ ಡ್ಯಾಮೇಜ್ ಆಗುವುದಿಲ್ಲ. ಆರ್‌ಸಿ ಒಬ್ಬರ ಹೆಸರಿನಲ್ಲಿ, ಪಾಲಿಸಿ ಇನ್ನೊಬ್ಬರ ಹೆಸರಿನಲ್ಲಿ ಇರುವಾಗ ಕಾರು ಜಖಂ ಆದರೆ ಇಬ್ಬರಿಗೂ ದಕ್ಕುವುದಿಲ್ಲ.

ನವೀಕರಣದ ದಿನಾಂಕ ಜೂನ್, ಜುಲೈ, ಆಗಸ್ಟಿನಲ್ಲಿ ಬರುವವರು ಮೇ ತಿಂಗಳಲ್ಲೇ ಕಂಪನಿಯನ್ನು ವಿಚಾರಿಸಿ, ಸಾಧ್ಯವಾದಷ್ಟು ಮೊದಲೇ ಹಣ ಕಟ್ಟಿಬಿಡಿ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋದ ವಾರದಲ್ಲಿ ಪಾಲಿಸಿ ಮುಗಿದರೆ ನಡುವಿನ ದಿನಗಳಿಗೆ ರಕ್ಷಣೆಯೇ ಇರುವುದಿಲ್ಲ. ಆಮೇಲೆ ಕಾರಿನ ತಪಾಸಣೆ ಮಾಡಿಸಿಯೇ ಹೊಸ ಪಾಲಿಸಿ ಪಡೆಯಬೇಕಾಗುತ್ತದೆ.

ಕ್ಲೇಮು ಅನ್ಯಾಯವಾಗಿ ತಿರಸ್ಕಾರವಾಯಿತು ಎನಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಪ್ರಾಧಿಕಾರದ ‘ಬಿಮಾ ಭರೋಸಾ’ ವ್ಯವಸ್ಥೆಯಲ್ಲಿ, 155255 ಸಂಖ್ಯೆಗೆ ಕರೆ ಮಾಡಿಯೂ ದೂರು ದಾಖಲಿಸಬಹುದು. ಅಲ್ಲಿಗೂ ಪರಿಹಾರವಾಗದಿದ್ದರೆ ಕಂಪನಿಯ ಅಂತಿಮ ಉತ್ತರ ಬಂದು ಒಂದು ವರ್ಷದೊಳಗೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ 50 ಲಕ್ಷದವರೆಗಿನ ವಿವಾದಗಳನ್ನು ಕೇಳುತ್ತಾರೆ, ಶುಲ್ಕವಿಲ್ಲ, ವಕೀಲರೂ ಬೇಡ.